ಘಾಟು ಬಾರದ ಬೇಸಿಗೆ

ಮೆಣಸಿನ ಸಸಿಗಳು ಎರಡೆಲೆ ಬಿಟ್ಟು ಹಾಗೇ ನಿಂತುಬಿಟ್ಟಿದ್ದವು. ಮೂರನೆಯ ಎಲೆಯ ಸುಳಿವೇ ಇಲ್ಲ. ಸತ್ತಿದ್ದರೆ ಮಹಾನಂದಾ ಇಷ್ಟು ಹೆದರುತ್ತಿರಲಿಲ್ಲವೇನೋ. ಸತ್ತ ಸಸಿಗೆ ಒಂದು ಕಾರಣ ಇರುತ್ತದೆ; ಕೊಳೆತ ಬೇರೋ, ಹುಳುವೋ, ಏನೋ ಒಂದು ಕೈಗೆ ಸಿಗುತ್ತದೆ. ಇವು ಸಾಯಲೂ ಒಲ್ಲವು, ಬೆಳೆಯಲೂ ಒಲ್ಲವು. ಎಲೆಗಳನ್ನು ಕೆಳಕ್ಕೆ ಬಾಗಿಸಿಕೊಂಡು ಟ್ರೇಗಳ ತುಂಬ ತೆಪ್ಪಗೆ ನಿಂತಿದ್ದವು.

ಕಪ್ಪತಗುಡ್ಡದ ಹೊಟ್ಟೆಯೊಳಗೆ ಆ ಊರು ಬೇಸಿಗೆ ಕಳೆಯತೊಡಗಿ ಒಂದು ತಲೆಮಾರೇ ಕಳೆದಿತ್ತು. ಹೊರಗಿನ ಧಗೆ ಮನುಷ್ಯರು ತಾಳುವ ಮಟ್ಟ ಮೀರಿದ ಮೇಲೆ, ಶಿವರಾತ್ರಿ ಮುಗಿಯುತ್ತಲೇ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗುಡ್ಡದೊಳಗಿನ ಸುರಂಗಮನೆಗಳಿಗೆ ಬಂದು ಸೇರುತ್ತಿತ್ತು. ಉಕ್ಕಿನ ಬಾಗಿಲು ಒಮ್ಮೆ ಮುಚ್ಚಿತೆಂದರೆ ಜೂನ್ ಮೊದಲಿಗೆ ಮಿರಗದ ಮಳೆ ಬೀಳುವ ತನಕ ತೆರೆಯುವಂತಿಲ್ಲ. ತೆರೆದರೆ ಒಳಗಿನ ತಂಪೆಲ್ಲ ಒಂದೇ ಹೊತ್ತಿನಲ್ಲಿ ಹೋಗುತ್ತದೆ, ಅದನ್ನು ಮತ್ತೆ ತರುವಷ್ಟು ವಿದ್ಯುತ್ತು ಊರಿಗಿಲ್ಲ. ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗಬೇಕಾದ ಮೆಣಸಿನ ಸಸಿಯನ್ನು ಒಳಗೇ, ದೀಪದ ಬೆಳಕಿನಲ್ಲಿ ಬೆಳೆಸಬೇಕು. ಸಸಿಮನೆಯ ಆ ಕೆಲಸ ಮಹಾನಂದಾಳದು. ಕೃಷಿ ವಿಜ್ಞಾನ ಓದಿದವಳು, ಕೈಗುಣ ಒಳ್ಳೆಯದೆಂದು ಊರಲ್ಲಿ ಹೆಸರು. ಈ ಬೇಸಿಗೆ ಆ ಹೆಸರಿಗೆ ಮಣ್ಣು ಬೀಳುವ ಹಾಗಿತ್ತು.

ಅವಳ ಜೊತೆ ಕೆಲಸ ಮಾಡುವವಳು ಶಮೀಮ್, ಮುಖ್ಯ ಇಂಜಿನಿಯರ್ ನದಾಫ್ ಸಾಹೇಬರ ಮಗಳು. ಇಬ್ಬರೂ ಬಸುರಿಯರು. ಇಬ್ಬರಿಗೂ ದಿನ ತುಂಬುವುದು ಮಳೆಗಾಲದಲ್ಲೇ. ಬೇಸಿಗೆಯ ಆರಂಭದಲ್ಲಿ ಇಬ್ಬರೂ ಟ್ರೇಗಳ ನಡುವೆ ಕುಳಿತು ಯಾರ ಹೊಟ್ಟೆ ದೊಡ್ಡದು ಎಂದು ನಗಾಡುತ್ತಿದ್ದರು. ಈಗ ನಗು ನಿಂತಿತ್ತು.

"ಅಕ್ಕಾ, ದೀಪ ಇನ್ನಷ್ಟು ಕೆಳಗ ಇಳಸೂಣೇನು?" ಎಂದಳು ಶಮೀಮ್.

"ಇಳಿಸಿ ನೋಡೀವಲ್ಲ. ಏರಿಸಿನೂ ನೋಡೀವಿ."

ನೋಡದೇ ಬಿಟ್ಟದ್ದು ಯಾವುದೂ ಇರಲಿಲ್ಲ. ಬೇರಿಗೆ ಚಳಿಯಾಗಿರಬಹುದೆಂದು ಟ್ರೇಗಳ ಕೆಳಗೆ ಬಿಸಿಹಾಸು ಹಾಸಿದ್ದರು. ನೀರು ಹೆಚ್ಚಾಯಿತೇನೋ ಎಂದು ಮಣ್ಣು ಒಣಗಿಸಿದ್ದರು, ನೀರಿನಲ್ಲೇ ಉಪ್ಪಿದೆಯೇನೋ ಎಂದು ಬಟ್ಟಿ ಇಳಿಸಿದ ನೀರು ಕೊಟ್ಟಿದ್ದರು. ತೆಂಗಿನ ನಾರಿನ ಹುಡಿ ಬದಲಾಯಿಸಿದರು. ಗೊಬ್ಬರ ಕೊಟ್ಟರು, ಗೊಬ್ಬರ ನಿಲ್ಲಿಸಿದರು. ಒಂದು ಸಸಿಯನ್ನು ಕಿತ್ತು ಮಸೂರದ ಕೆಳಗಿಟ್ಟು ನೋಡಿದರೆ ಬೇರು ಬೆಳ್ಳಗೆ, ಲಕ್ಷಣವಾಗಿ ಇತ್ತು. ಯಾವ ರೋಗವೂ ಇಲ್ಲದ ಸಸಿ ಬೆಳೆಯಲು ಒಲ್ಲೆ ಅನ್ನುತ್ತಿತ್ತು.

"ತಲಿ ಭಾಳ ಸಿಡಿಯಾಕತ್ತೈತಿ ಅಕ್ಕಾ," ಎಂದು ಶಮೀಮ್ ಗೋಡೆಗೆ ಒರಗಿದಳು. ಆ ಬೇಸಿಗೆ ಊರಿನಲ್ಲಿ ಎಲ್ಲರಿಗೂ ತಲೆನೋವು. ಮಕ್ಕಳು ಆಟ ಬಿಟ್ಟು ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದವು. ಮುಚ್ಚಿದ ಗುಡ್ಡ, ಬೇಸರ, ಬಿಸಿಲು ಕಾಣದ ಬದುಕು ಎಂದು ಎಲ್ಲರೂ ಸಮಾಧಾನ ಹೇಳಿಕೊಂಡಿದ್ದರು.

"ನಿನ್ನ ಕೂಸು ಅಲಗಾಡ್ತೈತೇನು?" ಮಹಾನಂದಾ ಕೇಳಿದಳು. ಕೇಳಬಾರದೆಂದುಕೊಂಡೇ ಕೇಳಿದಳು.

ಶಮೀಮ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಮೊದಲಿನಂಗಿಲ್ಲ. ನಿಂದು?"

"ನಂದೂ."

ಆಮೇಲೆ ಇಬ್ಬರೂ ಸಸಿಗಳನ್ನು ನೋಡಿದರು.

ಉಳಿದದ್ದು ಗಾಳಿ ಒಂದೇ. ಮಹಾನಂದಾ ಎರಡು ಗಾಜಿನ ಭರಣಿ ತಂದು, ಒಂದೊಂದರಲ್ಲಿ ಒಂದು ಸಸಿ ಇಟ್ಟು ಬಾಯಿ ಮುಚ್ಚಿದಳು. ಒಂದರಲ್ಲಿ ಬರೀ ಸುರಂಗದ ಗಾಳಿ. ಇನ್ನೊಂದರಲ್ಲಿ ಸಸಿಯ ಪಕ್ಕ ಒಂದು ಸಣ್ಣ ಪೊಟ್ಟಣ ಪರ್ಮಾಂಗನೇಟು, ಹಿಂದೆ ಬಾವಿಗೆ ಹಾಕುತ್ತಿದ್ದರಲ್ಲ, ಆ ನೇರಳೆ ಹರಳು. ಅದು ಎಥಿಲೀನ್ ಎಂಬ ಅನಿಲವನ್ನು ಹೀರಿಕೊಳ್ಳುತ್ತದೆ. ಮಾಗುವ ಬಾಳೆಹಣ್ಣು ಬಿಡುವ ಅನಿಲ ಅದೇ, ಏನಾದರೂ ಅರೆಬರೆ ಸುಟ್ಟಾಗ ಹುಟ್ಟುವುದೂ ಅದೇ. ಎಳೆಯ ಸಸಿಗೆ ಅದರ ಲವಲೇಶ ಸೋಂಕಿದರೂ ಸಾಕು, ಎಲೆ ಜೋತುಬಿದ್ದು ಬೆಳವಣಿಗೆ ನಿಂತುಹೋಗುತ್ತದೆ.

ವಾರ ಕಳೆಯುವುದರೊಳಗೆ ನೇರಳೆ ಹರಳಿದ್ದ ಭರಣಿಯ ಸಸಿ ತಲೆ ಎತ್ತಿ ಮೂರನೆಯ ಎಲೆ ಬಿಟ್ಟಿತು. ಇನ್ನೊಂದು ಇದ್ದ ಹಾಗೇ ಇತ್ತು. ಉತ್ತರ ಸಿಕ್ಕಿದ್ದಕ್ಕೆ ಮಹಾನಂದಾ ಖುಷಿಪಡಬೇಕಿತ್ತು. ಆದರೆ ಅವಳು ಎರಡೂ ಭರಣಿಗಳನ್ನು ಎತ್ತಿಕೊಂಡು ಎದ್ದಳು.

ಅವಳು ನೇರವಾಗಿ ಗಾಳಿಮನೆಗೆ ನಡೆದಳು. ಅಲ್ಲಿ ಯಂತ್ರ ನೋಡಿಕೊಳ್ಳುವವನು ಅವಳ ಗಂಡ ಫಕೀರೇಶ. ಇಡೀ ಊರು ಉಸಿರಾಡುವುದು ಒಂದೇ ಗಾಳಿ. ಪ್ರತಿ ಮನೆಯ ಅಡುಗೆಮನೆಯ ಮೂಲೆಯಲ್ಲಿ ಒಂದು ಜಾಲರಿ. ಅದು ಮನೆಯ ಹಳಸಿದ ಗಾಳಿಯನ್ನು ಎಳೆದುಕೊಂಡು ಕೊಳವೆಯಲ್ಲಿ ಗಾಳಿಮನೆಗೆ ತರುತ್ತದೆ. ಅಲ್ಲಿರುವುದು ಊರವರು ಗೂಡು ಎಂದು ಕರೆಯುವ ದೊಡ್ಡ ಉಕ್ಕಿನ ಪೆಟ್ಟಿಗೆ. ಸದಾ ಕಾದಿರುತ್ತದೆ. ಒಳಗೆ ಪ್ಲಾಟಿನಂ ಲೇಪಿಸಿದ, ಕಡಲೆಕಾಳಿನಷ್ಟು ಗುಂಡುಗಳು. ವಿಷದ ಅನಿಲಗಳು ಆ ಗುಂಡುಗಳನ್ನು ಸವರಿಕೊಂಡು ಹೋಗುವಾಗ ಜ್ವಾಲೆಯಿಲ್ಲದೇ ಉರಿದು, ನಿರುಪದ್ರವಿಯಾಗಿ ಆಚೆ ಬರುತ್ತವೆ; ಆ ಗಾಳಿಯೇ ಮತ್ತೆ ಮನೆಗಳಿಗೂ ಸಸಿಮನೆಗೂ ಹರಿಯುತ್ತದೆ.

"ಗೂಡು ಕೆಲಸ ಮಾಡಾಕತ್ತಿಲ್ಲರಿ," ಎಂದಳು.

ಫಕೀರೇಶ ನಕ್ಕ. ಒಳ್ಳೆಯ ಮನುಷ್ಯ, ಆದರೆ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಜಗತ್ತೆಲ್ಲ ಸುಸೂತ್ರ ಎಂದು ನಂಬಿದವನು. "ಇಲ್ ನೋಡು. ಕಾರ್ಬನ್ ಮಾನಾಕ್ಸೈಡ್ ಮುಳ್ಳು ಹಸಿರಿನ್ಯಾಗ ಐತಿ."

"ಹಸಿರಿನ ಯಾವ ತುದ್ಯಾಗ ಐತಿ?"

ಅವನು ಬಗ್ಗಿ ನೋಡಿದ. ಮುಳ್ಳು ಹಸಿರಿನ ಕೊನೆಯ ಅಂಚಿಗೆ ಬಂದು ನಿಂತಿತ್ತು. ದಿನಾ ಒಂದು ಕೂದಲೆಳೆ ಸರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಎಥಿಲೀನಿಗೆ ನಿಮ್ಮ ಹತ್ರ ಮೀಟರೇ ಇಲ್ಲ," ಎಂದಳು ಮಹಾನಂದಾ. "ಮೊದಲು ಸಸಿಗೆ ಗೊತ್ತಾತು. ಗೂಡು ಎಥಿಲೀನ್ ಸುಡಾಕತ್ತಿಲ್ಲ ಅಂದ್ರ ಮಾನಾಕ್ಸೈಡನ್ನೂ ಪೂರ್ತಿ ಸುಡಾಕತ್ತಿಲ್ಲ. ಅರೆಬರೆ ಸುಟ್ಟು ತಾನ ಹುಟ್ಟಸಾಕತ್ತಿರಬೇಕು. ಆ ಹಸಿರು ಪಟ್ಟಿ ದೊಡ್ಡವರಿಗೆ ಬರದದ್ದು. ಹೊಟ್ಟ್ಯಾಗಿನ ಕೂಸಿನ ರಕ್ತ ಆ ವಿಷಾನ ತಾಯಿಗಿಂತ ಗಟ್ಟಿ ಹಿಡಕೊಂತೈತಿ. ಬಿಡೂದು ಭಾಳ ತಡಾ."

ಫಕೀರೇಶನ ನಗು ಅಲ್ಲಿಗೇ ಇಂಗಿತು. ಅವನು ಅವಳ ಹೊಟ್ಟೆಯನ್ನು ನೋಡಿದ, ಮುಳ್ಳನ್ನು ನೋಡಿದ, ನದಾಫ್ ಸಾಹೇಬರನ್ನು ಕರೆಯಲು ಓಡಿದ.

ಸಾಹೇಬರು ಬಂದು ಎರಡೂ ಭರಣಿಗಳನ್ನು ಎತ್ತಿ ಹಿಡಿದು ನೋಡಿದರು. ಕೂದಲೆಲ್ಲ ನೆರೆತ, ಎಣಿಸಿ ಮಾತಾಡುವ ಮನುಷ್ಯ. "ಗುಂಡುಗಳ ಮ್ಯಾಲ ಏನೋ ಕುಂತೈತಿ," ಎಂದರು. "ಏನು ಅನ್ನೂದು ಗೊತ್ತಾಗಬೇಕು. ಮಸಿ ಆಗಿದ್ರ ಗೂಡಿನ ಕಾವು ಪೂರಾ ಏರಿಸಿದ್ರ ಸುಟ್ಟು ಹೋಗತೈತಿ. ಹೊರಗಿನ ಅದಿರಿನ ಧೂಳು ನುಗ್ಗಿದ್ದಾದ್ರ, ಕಾವು ಏರಿಸಿದಕೂಡ್ಲೇ ಕರಗಿ ಗಟ್ಟಿ ಆಗಿ ಗೂಡು ಕಾಯಂ ಹಾಳು. ಊರಿಗೆ ಇರೂದು ಒಂದ ಗೂಡು."

"ಬಿಚ್ಚಿ ನೋಡಿದ್ರ?"

"ಬಿಚ್ಚಬೇಕಂದ್ರ ಆರಿಸಬೇಕು. ಅದು ಆರಿ ತಿರುಗಿ ಕಾಯೂದ್ರಾಗ ನಾವೆಲ್ಲಾ ಆರಿಹೋಗಿರ್ತೀವಿ." ಅವರು ನಗಲಿಲ್ಲ. "ಮಸಿ ಎಲ್ಲಿಂದ ಬರಬೇಕವ್ವಾ? ಗುಡ್ಡದಾಗ ಬೆಂಕಿನ ಇಲ್ಲ. ಧೂಳೇ ಇರಬೇಕು."

ಹೌದು, ಗುಡ್ಡದಲ್ಲಿ ಬೆಂಕಿ ಇರಲಿಲ್ಲ. ಇರಕೂಡದು. ಮೊದಲ ಬೇಸಿಗೆಯಲ್ಲಿ ಒಂದು ಮನೆಯ ದೇವರ ದೀಪದಿಂದ ಹತ್ತಿದ ಬೆಂಕಿಗೆ ಒಂದು ಓಣಿಯೇ ಉಸಿರುಕಟ್ಟಿ ಸತ್ತಿತ್ತು. ಅಂದಿನಿಂದ ಅಡುಗೆಯೆಲ್ಲ ಕರೆಂಟಿನ ಒಲೆಯ ಮೇಲೆ. ಕಡ್ಡಿ ಗೀರಿದ ಮನೆಗೆ ಮುಂದಿನ ಬೇಸಿಗೆ ಗುಡ್ಡದಲ್ಲಿ ಜಾಗವಿಲ್ಲ ಎಂದು ಊರು ಕಟ್ಟುಮಾಡಿತ್ತು. ಜಾಗ ಇಲ್ಲ ಎಂದರೆ ಹೊರಗೆ, ಆ ಧಗೆಯಲ್ಲಿ. ಹಾಗೆ ಹೊರಗುಳಿದ ಮನೆಯವರನ್ನು ಮಳೆಗಾಲದಲ್ಲಿ ಮತ್ತೆ ಕಂಡವರಿಲ್ಲ.

ಮಹಾನಂದಾ ಮನೆಗೆ ಬಂದಾಗ ಅತ್ತೆ ನಿಂಬೆವ್ವ ಅಡುಗೆಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಬಾರವ್ವಾ, ಮಾರಿ ನೋಡು ಹೆಂಗ ಬಾಡೇತಿ. ಕುಂದರು. ನೆದರು ತೆಗೀತೀನಿ."

ಮಹಾನಂದಾ ಯಾಂತ್ರಿಕವಾಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಹೀಗೆ ದೃಷ್ಟಿ ತೆಗೆಸಿಕೊಳ್ಳುವುದು ದಿನದ ಪದ್ಧತಿಯೇ ಆಗಿಹೋಗಿತ್ತು. ಓದಿದ ಸೊಸೆಗೆ ಇದರಲ್ಲಿ ನಂಬಿಕೆಯೇನೂ ಇರಲಿಲ್ಲ. ಆದರೆ ಹೊಟ್ಟೆಯಲ್ಲಿ ಕೂಸು ಸಪ್ಪಗಾಗುತ್ತ ಹೋದಾಗ, ಮುದುಕಿಯ ಕೈ ತಲೆಯ ಸುತ್ತ ಸುಳಿದರೆ ಜೀವಕ್ಕೆ ತುಸು ನೆಮ್ಮದಿ. ಒಂದು ಚಿಟಿಕೆ ಹೊಗೆಯಿಂದ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹೊಟ್ಟೆಯೊಳಗೆ ಭಯ ಹೊಕ್ಕಾಗ ಪದವಿಪತ್ರ ಯಾವ ಮೂಲೆಗೆ?

ನಿಂಬೆವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ, ಸೊಸೆಯದೇ ಒಂದೆಳೆ ಕೂದಲು ಹಿಡಿದು, "ಕಂಡವರ ಕಣ್ಣು, ಕಾಣದವರ ಕಣ್ಣು, ಎಲ್ಲಾ ಸುಟ್ಟು ಹೋಗಲಿ" ಎಂದು ಗೊಣಗುತ್ತ ಮೂರು ಸುತ್ತು ನಿವಾಳಿಸಿದಳು. ಆಮೇಲೆ ಮೂಲೆಗೆ ಹೋಗಿ, ಜಾಲರಿಯ ಬಾಯಿಗೆ ತಾಗಿಸಿಟ್ಟ ತಗಡಿನ ತಟ್ಟೆಯಲ್ಲಿ ಎಲ್ಲವನ್ನೂ ಹಾಕಿ ಕಡ್ಡಿ ಗೀರಿದಳು. ಹೊಗೆ ಎದ್ದಿತು. ಎದ್ದದ್ದೇ ತಡ, ಜಾಲರಿ ಅದನ್ನು ಸರ್ರೆಂದು ಒಳಗೆ ಎಳೆದುಕೊಂಡಿತು. ಹೊಗೆ ತಾಗಿದರೆ ಬಡಿದುಕೊಳ್ಳುವ ಮಾಡಿನ ಹೊಗೆಗಂಟೆಗೆ ಅದರ ವಾಸನೆಯೂ ತಾಗಲಿಲ್ಲ.

ಮುದುಕಿ ಮೂಗು ಅರಳಿಸಿ ವಾಸನೆ ಹಿಡಿದಳು. ಅವಳ ಮುಖ ಇಳಿಯಿತು. "ಇವತ್ತೂ ಘಾಟು ಬರಲಿಲ್ಲ ನೋಡವ್ವಾ. ಇಷ್ಟು ಮೆಣಸಿನಕಾಯಿ ಸುಟ್ಟರೂ ಒಂದು ಕೆಮ್ಮು ಇಲ್ಲ. ನೆದರು ಭಾಳ ಕೆಟ್ಟದ್ದು ಆಗೇತಿ. ಸಂಜಿಮುಂದ ಮತ್ತ ತೆಗೀಬೇಕು, ಇನ್ನಷ್ಟು ಜಾಸ್ತಿ ಹಾಕಿ."

ಮಹಾನಂದಾ ಕಣ್ಣೆತ್ತಿ ಜಾಲರಿಯನ್ನು ನೋಡಿದಳು.

ಒಲೆಯಲ್ಲಿ ಸುಟ್ಟ ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಇದೆ. ಚಿಕ್ಕಂದಿನಿಂದ ಎಲ್ಲರೂ ಕೇಳಿದ ಮಾತು. ಇಲ್ಲಿ ಘಾಟು ಬರುವುದಾದರೂ ಹೇಗೆ? ಗಂಟೆಯ ಕಣ್ಣು ತಪ್ಪಿಸಲು ಅತ್ತೆ ಆರಿಸಿಕೊಂಡ ಜಾಗವೇ ಹೊಗೆಯನ್ನು ನುಂಗುವ ಜಾಲರಿ. ಘಾಟು ಬರಲಿಲ್ಲವೆಂದು ಇನ್ನಷ್ಟು ಸುಡುವುದು. ಸುಟ್ಟಷ್ಟೂ ಗೂಡಿಗೆ ಮಸಿ, ಮಸಿ ಕೂತಷ್ಟೂ ಗಾಳಿಯಲ್ಲಿ ವಿಷ, ವಿಷ ಏರಿದಷ್ಟೂ ತಲೆನೋವು, ಮಂಕು ಕವಿದ ಮಕ್ಕಳು. ಮಕ್ಕಳು ಮಂಕಾದರೆ ಅದು ನೆದರೇ ಸರಿ, ಮತ್ತೆ ಸುಡು.

"ಅತ್ತಿ, ಇದನ್ನ ಇನ್ನ ಯಾರ ಮನ್ಯಾಗ ಮಾಡ್ತಾರ?"

ನಿಂಬೆವ್ವ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನನಗೇನು ಗೊತ್ತು? ಯಾರೂ ಮಾಡಂಗಿಲ್ಲ. ನೀನೂ ಬಾಯಿ ಬಿಡಬ್ಯಾಡ." ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು.

ಫಕೀರೇಶ ಊಟಕ್ಕೆ ಬಂದಾಗ ಮಹಾನಂದಾ ಎಲ್ಲವನ್ನೂ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕುಳಿತ.

"ಹೇಳಬ್ಯಾಡ," ಎಂದ ಕೊನೆಗೆ.

"ಹೇಳಲಿಲ್ಲಂದ್ರ ಸಾಹೇಬ್ರು ಕಾವು ಏರಸಂಗಿಲ್ಲ."

"ಹೇಳಿದ್ರ ಮುಂದಿನ ಬ್ಯಾಸಗಿಗೆ ನಾವು ಹೊರಗ. ಕೂಸಿಗೆ ಆಗ ಇನ್ನಾ ಹಲ್ಲೂ ಪೂರಾ ಬಂದಿರಂಗಿಲ್ಲ. ಎಲ್ಲಿ ಇಟಗೊಂತಿ ಅದನ್ನ? ಗುಡ್ಡದ ಹೊರಗ ಬಂಡಿಗಲ್ಲಿನ ನೆರಳಾಗೇನು?" ಅವನು ತುತ್ತನ್ನು ತಟ್ಟೆಗೆ ಹಾಕಿದ. "ಅದೂ ಅಲ್ಲದ ನಮ್ಮದೊಂದು ಮನಿ ಹೊಗಿಗೆ ಅಷ್ಟು ದೊಡ್ಡ ಗೂಡು ಕಟ್ಟಿಕೊಂತೈತೇನು? ಸಾಹೇಬ್ರು ನಂಬಂಗಿಲ್ಲ. ಜಾಗಾನೂ ಹೋಗತೈತಿ, ಗೂಡೂ ಸರಿ ಆಗಂಗಿಲ್ಲ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಸುಮ್ಮನಿದ್ದರೆ ಕೂಸು ಈ ಬೇಸಿಗೆ ದಾಟುವುದಿಲ್ಲ, ಬಾಯಿ ಬಿಟ್ಟರೆ ಮುಂದಿನದನ್ನು ದಾಟುವುದಿಲ್ಲ. ಅವಳು ಹೊಟ್ಟೆಯ ಮೇಲೆ ಅಂಗೈ ಒತ್ತಿ ಕುಳಿತಳು. ಬೆಳಗಿನಿಂದ ಒಂದು ಸಲವೂ ಒದ್ದಿರಲಿಲ್ಲ. ಒತ್ತಿದಳು, ಮಗ್ಗುಲು ಬದಲಿಸಿದಳು, ಬೆಲ್ಲದ ನೀರು ಕುಡಿದಳು. ಏನೂ ಇಲ್ಲ.

ಅವಳು ಎದ್ದಳು. "ಮುಂದಿನ ಬ್ಯಾಸಗಿ ಮುಂದ ನೋಡೂಣು," ಎಂದು ಹೊರಟಳು.

ನಡುವಣ ಹಜಾರದಲ್ಲಿ ಊರೆಲ್ಲ ಸೇರಿತು. ಎಲ್ಲರೂ ನೆಲದ ಮೇಲೆ. ಕಟ್ಟೆಯ ಮೇಲೆ ಒಂದೇ ಒಂದು ಕುರ್ಚಿ, ಅದರಲ್ಲಿ ನದಾಫ್ ಸಾಹೇಬರು. ಮುಳ್ಳು ಹಸಿರು ದಾಟಿ ಹಳದಿಗೆ ಬಂದಿದೆ ಎಂದು ಅವರು ಹೇಳಿದಾಗ ಹಜಾರ ಒಮ್ಮೆ ಗುಜುಗುಟ್ಟಿ ತಣ್ಣಗಾಯಿತು. ಮಹಾನಂದಾ ಎದ್ದು ನಿಂತಳು.

"ಗೂಡಿನ್ಯಾಗ ಇರೂದು ಮಸಿ. ನಮ್ಮ ಮನ್ಯಾಗ ನೆದರು ತೆಗದು ಜಾಲರಿ ಬಾಯಾಗ ಸುಟ್ಟೀವಿ. ದಿನಾ ಸುಟ್ಟೀವಿ."

ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಒಂದು ಮನಿ ಮಸಿಗೆ ಗೂಡು ಕಟ್ಟಿಕೊಳ್ಳಂಗಿಲ್ಲವ್ವಾ," ಎಂದರು. "ಇನ್ನ ಯಾರಾರ ಸುಟ್ಟೀರೇನು?"

ಮಹಾನಂದಾ ಒಬ್ಬೊಬ್ಬರ ಮುಖ ನೋಡುತ್ತ ಹೋದಳು. ನೋಡಿದವರೆಲ್ಲ ಕಣ್ಣು ತಗ್ಗಿಸಿದರು. ಶಮೀಮ್ ಕೂಡ. ಮುಗಿಯಿತು, ಜಾಗವೂ ಹೋಯಿತು, ಗೂಡೂ ಸರಿಯಾಗಲಿಲ್ಲ ಎಂದು ಅವಳಿಗೆ ಅನಿಸಿತು.

"ನಾ ಒಬ್ಬಾಕೀನ ಹೊರಗ ಹೋಗ್ತೀನಿ," ಎಂದು ಕೂಗಿದಳು. "ಯಾರು ಅಂತ ಹೇಳಬ್ಯಾಡ್ರಿ. ಹೌದೋ ಅಲ್ಲೋ ಅಷ್ಟ ಹೇಳ್ರಿ. ಕೂಸು ಅಲಗಾಡವಲ್ದು!"

ಫಟ್ಟನೆ ದೀಪಗಳೆಲ್ಲ ಆರಿದವು. ಚೀರಾಟ ಎದ್ದಿತು. ಅದರ ಮೇಲೆ ಫಕೀರೇಶನ ದನಿ, ದೀಪದ ಗುಂಡಿ ಇದ್ದ ಮೂಲೆಯಿಂದ: "ನಾನ ಆರಿಸೀನಿ, ಯಾರೂ ಅಂಜಬ್ಯಾಡ್ರಿ. ಈಗ ಯಾರಿಗೆ ಯಾರೂ ಕಾಣಂಗಿಲ್ಲ. ಸುಟ್ಟವರು ಎದ್ದು ನಿಂದರ್ರಿ."

ಕಗ್ಗತ್ತಲು. ಏನೂ ಇಲ್ಲ. ಆಮೇಲೆ ಎಲ್ಲೋ ಹಿಂದೆ ಒಂದು ಮೊಣಕಾಲು ಲಟಕ್ಕೆಂದಿತು. ಒಂದು ಸೀರೆ ಸರಬರ ಎಂದಿತು. ಬಳೆಗಳು. ಯಾರೋ ಮುದುಕ "ಶಿವನೇ" ಎಂದು ನೆಲಕ್ಕೆ ಕೈಯೂರಿ ಏಳುವ ಸದ್ದು. ಆ ಸದ್ದು ನಿಲ್ಲಲೇ ಇಲ್ಲ. ಎಡಕ್ಕೆ, ಬಲಕ್ಕೆ, ಮುಂದೆ, ಅವಳ ಬೆನ್ನ ಹಿಂದೆಯೇ, ಓಣಿ ಓಣಿಯೇ ಕತ್ತಲೆಯಲ್ಲಿ ಏಳುತ್ತಿತ್ತು. ಮಹಾನಂದಾ ಬಯಸಿದ್ದೇ ಆಗುತ್ತಿತ್ತು, ಆದರೂ ಓಡಿಹೋಗುವಷ್ಟು ಭಯವಾಯಿತು. ಇಷ್ಟು ಜನ! ಇಷ್ಟೂ ಜನ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು, ಮಕ್ಕಳ ಮೇಲಿನ ಪ್ರೀತಿಯಿಂದಲೇ, ಮಕ್ಕಳ ಉಸಿರನ್ನು ಸುಟ್ಟಿದ್ದರು.

ಸದ್ದು ಅಡಗಿತು. "ಕುಂತವರು ಯಾರಾರ ಇದ್ರ ಒಂದು ಸಲ ಕೆಮ್ಮರಿ," ಎಂದರು ಸಾಹೇಬರು.

ಯಾರೂ ಕೆಮ್ಮಲಿಲ್ಲ.

ಆಗ ಕಟ್ಟೆಯ ಮೇಲಿನ ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿಯಿತು. ಆಮೇಲೆ ಬಂದ ಸಾಹೇಬರ ದನಿ ಮೇಲಿನಿಂದ ಬಂತು, ಸುಟ್ಟವರ ಜೊತೆ ತಾನೂ ಎದ್ದು ನಿಂತ ಮನುಷ್ಯನ ದನಿ. "ಕಾವು ಏರಸು, ಫಕೀರೇಶ."

ದೀಪ ಹತ್ತಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಾಹೇಬರು ನೆಲ ನೋಡುತ್ತಲೇ ಹೇಳಿದರು: ಮಸಿ ಉರಿದುಹೋಗುವ ತನಕ ವಿಷ ಇಳಿಯುವುದಿಲ್ಲ, ಮೊದಲು ಏರುತ್ತದೆ. ಮುಳ್ಳು ಕೆಂಪಿಗೆ ಹೋಗುತ್ತದೆ. ಎಲ್ಲರೂ ಮಲಗಿ, ಮಾತಾಡಬೇಡಿ, ಮಕ್ಕಳನ್ನು ಅಳಿಸಬೇಡಿ. ದವಾಖಾನೆಯಲ್ಲಿರುವುದು ಒಂದೇ ಆಮ್ಲಜನಕದ ಸಿಲಿಂಡರು, ಅದಕ್ಕೆ ಒಂದೇ ಮುಖವಾಡ. ಅದು ಇಬ್ಬರು ಬಸುರಿಯರಿಗೆ.

ಮಹಾನಂದಾ ಮತ್ತು ಶಮೀಮ್ ಒಂದೇ ಚಾಪೆಯ ಮೇಲೆ ಎದುರುಬದುರಾಗಿ ಮಲಗಿದರು. ನಡುವೆ ಸಿಲಿಂಡರು. ಒಬ್ಬಳು ಉಸಿರೆಳೆದುಕೊಂಡು ಇನ್ನೊಬ್ಬಳಿಗೆ ಕೊಡುವುದು, ಅವಳು ಎಳೆದುಕೊಂಡು ಇವಳಿಗೆ. ಗಾಳಿಮನೆಯಿಂದ ಗೂಡು ಗುಡುಗುವ ಸದ್ದು ಬರುತ್ತಿತ್ತು. ತಲೆ ಸಿಡಿಯುತ್ತಿತ್ತು. ಸುತ್ತ ಊರಿಗೆ ಊರೇ ಹೆಣಗಳ ಹಾಗೆ ಸಾಲಾಗಿ ಮಲಗಿತ್ತು, ಫಕೀರೇಶ ಆಗಾಗ ಬಾಗಿಲಿಗೆ ಬಂದು ಮುಳ್ಳು ಎಲ್ಲಿದೆ ಎಂದು ಹೇಳಿ ಹೋಗುತ್ತಿದ್ದ. ಕೆಂಪು. ಇನ್ನೂ ಕೆಂಪು. ನಿಂಬೆವ್ವ ಸೊಸೆಯ ಪಾದ ಹಿಡಿದು ಕುಳಿತಿದ್ದಳು, ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ.

"ಅಕ್ಕಾ, ಅಂಜಿಕಿ ಆಗತೈತಿ," ಎಂದಳು ಶಮೀಮ್.

"ಮಾತಾಡಬ್ಯಾಡ ತಂಗಿ. ಎಳಕೋ."

ಎಷ್ಟು ಹೊತ್ತು ಹಾಗೆ ಕಳೆಯಿತೋ. ಫಕೀರೇಶ ಮತ್ತೆ ಬಾಗಿಲಿಗೆ ಬಂದ. ಏನೋ ಹೇಳಲು ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತ. "ಹಳದಿ," ಎಂದ. "ಇಳ್ಯಾಕತ್ತೈತಿ."

ಹಜಾರದಲ್ಲಿ ಯಾರೋ ಬಿಕ್ಕಿದರು. ಮುಖವಾಡದ ಸರದಿ ಆಗ ಮಹಾನಂದಾಳದಾಗಿತ್ತು. ಅವಳು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡಳು. ಆಗ ಹೊಟ್ಟೆಯ ಒಳಗಿನಿಂದ, ಪಕ್ಕೆಲುಬಿನ ಕೆಳಗೆ, ಒಂದು ಒದೆತ ಬಿತ್ತು. ಮತ್ತೊಂದು, ಜೋರಾಗಿ.

ಕೂಗಬೇಕೆನಿಸಿತು. ಎದುರಿಗೆ ಶಮೀಮ್ ಎರಡೂ ಕೈಗಳಿಂದ ತನ್ನ ಹೊಟ್ಟೆಯನ್ನು ತಬ್ಬಿ, ಕಿವಿಗೊಟ್ಟು ಕೇಳುವವಳಂತೆ ಅಲುಗಾಡದೇ ಮಲಗಿದ್ದಳು. ಅವಳ ಕಣ್ಣುಗಳು ಮಹಾನಂದಾಳ ಮುಖದ ಮೇಲೇ ಇದ್ದವು, ನಿಂದು ಅಲಗಾಡಿತೇನು ಎಂದು ಕೇಳುತ್ತಿದ್ದವು.

ಮಹಾನಂದಾ ಮುಖದಲ್ಲಿ ಏನೂ ತೋರಗೊಡಲಿಲ್ಲ. ತನ್ನ ಸರದಿ ಇನ್ನೂ ಮುಗಿದಿರಲಿಲ್ಲ, ಆದರೂ ಮುಖವಾಡ ಕಳಚಿ ಶಮೀಮಳ ಬಾಯಿಗೆ ಒತ್ತಿ ಹಿಡಿದಳು. ಮತ್ತೆ ತಿರುಗಿ ಇಸಿದುಕೊಳ್ಳಲಿಲ್ಲ.